ಬ್ಯಾಂಕುಗಳು ಒಂದೇ ದಿನದಲ್ಲಿ ಒಂದಾದವು, ಬೇರೆ ಬೇರೆ ದೇಶದ ವಿಮಾನ ಕಂಪನಿಗಳು ಏಕೆ ಒಂದಾಗುವುದಿಲ್ಲ?

ಕಿಟಕಿ ಸೀಟು:
ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. 2019ರಲ್ಲಿ ಅದೇ ತಾರೀಖಿಗೆ ವಿಜಯಾ ಬ್ಯಾಂಕು ಬರೋಡಾದ ಪಾಲಾಯಿತು, ಮರುವರ್ಷ ಸಿಂಡಿಕೇಟ್ ಕೆನರಾದೊಳಗೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೂ ಸೇರಿದವು. ನಮಗೆ ಬೇಸರವಾಯಿತು, ಐಎಫ್‌ಎಸ್‌ಸಿ ಸಂಖ್ಯೆ ಬದಲಾಯಿತು, ಹೊಸ ಪಾಸ್‌ಬುಕ್ ಕೈಗೆ ಬಂತು, ಅಲ್ಲಿಗೆ ಮುಗಿಯಿತು. ವಿಮಾನಯಾನದಲ್ಲಿ ಈ ಕೆಲಸ ಇಷ್ಟು ಸಲೀಸಾಗಿ ಏಕೆ ಆಗುವುದಿಲ್ಲ ಎಂಬುದು ನನ್ನ ಪ್ರಶ್ನೆ.

ಯುರೋಪಿನಲ್ಲಿ ಓದುತ್ತಿರುವ ಮಗಳ ಬಳಿಗೆ ಹೋಗಲು ಮೊನ್ನೆ ಟಿಕೆಟ್ ತೆಗೆದೆ. ಟಿಕೆಟಿನ ಮೇಲೆ ಒಂದು ಕಂಪನಿಯ ಹೆಸರಿದೆ, ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ವಿಮಾನ ಹಾರಿಸುವವರು ಬೇರೆಯವರು ಎಂದಿದೆ, ಇವರಿಬ್ಬರ ಒಡೆತನ ಮೂರನೆಯ ಕಂಪನಿಯೊಂದರ ಕೈಯಲ್ಲಿದೆ. ಉಪ್ಪಿನಕಾಯಿ ಡಬ್ಬಿಯೂ ಸೇರಿ ಎಷ್ಟು ಕಿಲೋ ಒಯ್ಯಬಹುದೆಂದು ಫೋನಿನಲ್ಲಿ ಕೇಳಿದರೆ, ಒಬ್ಬರು ಇನ್ನೊಬ್ಬರನ್ನು ಕೇಳಿ ಎಂದರು, ಆ ಇನ್ನೊಬ್ಬರು ಮೊದಲಿನವರನ್ನೇ ಕೇಳಿ ಎಂದರು. ಒಡೆಯ ಒಬ್ಬನೇ ಆದ ಮೇಲೆ ಹೆಸರು, ನಿಯಮ, ಸಿಬ್ಬಂದಿ ಎಲ್ಲವನ್ನೂ ಒಂದು ಮಾಡಿ, ಖರ್ಚು ಉಳಿಸಿ, ದರ ಇಳಿಸಬಾರದೇಕೆ? ತಿಳಿದವರು ಹೇಳಬೇಕು.

ತಿಂಡಿ ಟ್ರೇ:
ದರ ಇಳಿಯುತ್ತದೆಂಬ ನಂಬಿಕೆಯೊಂದನ್ನು ಬಿಟ್ಟು ನಿಮ್ಮ ಉಳಿದ ಮಾತನ್ನೆಲ್ಲ ಒಪ್ಪುತ್ತೇನೆ.

ಕರಡು ಕಾಯ್ದೆ:
ಬ್ಯಾಂಕಿನ ಹೋಲಿಕೆ ಇಲ್ಲಿ ನಿಲ್ಲುವುದಿಲ್ಲ, ಸರ್. ನೀವು ಹೆಸರಿಸಿದ ಬ್ಯಾಂಕುಗಳೆಲ್ಲ ಒಂದೇ ದೇಶದವು ಮತ್ತು ಅವೆಲ್ಲದರ ಬೆನ್ನಿಗೆ ಇದ್ದದ್ದು ಒಂದೇ ಸರ್ಕಾರ. ಅದು ಮನೆಯ ಯಜಮಾನನೇ ಎರಡು ಕೋಣೆಗಳ ನಡುವಿನ ಗೋಡೆ ಒಡೆಸಿದಂತೆ. ವಿಮಾನ ಕಂಪನಿಗಾದರೋ ಮನುಷ್ಯರಿಗಿರುವಂತೆ ಪೌರತ್ವವಿದೆ.

1944ರ ಷಿಕಾಗೊ ಒಡಂಬಡಿಕೆಯು ಪ್ರತಿಯೊಂದು ದೇಶಕ್ಕೂ ಅದರ ಆಕಾಶದ ಮೇಲೆ ಸಂಪೂರ್ಣ ಅಧಿಕಾರವಿದೆ ಎಂದು ಒಪ್ಪಿಕೊಂಡಿತು. ಆದ್ದರಿಂದ ಯಾವ ದೇಶದ ವಿಮಾನ ಎಲ್ಲಿಂದ ಎಲ್ಲಿಗೆ ವಾರಕ್ಕೆ ಎಷ್ಟು ಸಲ ಹಾರಬಹುದೆಂಬುದನ್ನು ಆಯಾ ಎರಡು ದೇಶಗಳು ಕುಳಿತು ಒಪ್ಪಂದ ಮಾಡಿಕೊಳ್ಳುತ್ತವೆ. ಇಂಥ ಒಪ್ಪಂದಗಳಲ್ಲಿ ಬಹುಪಾಲಿನವು, ಕಂಪನಿಯ ಗಣನೀಯ ಒಡೆತನ ಮತ್ತು ನಿಜವಾದ ನಿಯಂತ್ರಣ ಆ ದೇಶದವರ ಕೈಯಲ್ಲೇ ಇರಬೇಕೆಂದು ಹೇಳುತ್ತವೆ. ಕಂಪನಿಯನ್ನು ಬೇರೆ ದೇಶದವರು ಪೂರ್ತಿಯಾಗಿ ಕೊಂಡುಕೊಂಡರೆ, ಈ ಹಕ್ಕು ನಾವು ಕೊಟ್ಟದ್ದು ನಿಮಗಲ್ಲ ಎಂದು ಎದುರಿನ ದೇಶ ಬಾಗಿಲು ಹಾಕಬಹುದು. ಅಂದರೆ ಕಂಪನಿ ಕೈಗೆ ಬಂದರೂ ಅದು ಹಾರುವ ಮಾರ್ಗಗಳು ಬರುತ್ತವೆಂಬ ಖಾತ್ರಿಯಿಲ್ಲ, ಮಾರ್ಗಗಳಿಲ್ಲದ ವಿಮಾನ ಕಂಪನಿಗೆ ಬೆಲೆಯೂ ಇಲ್ಲ.

ಇದರ ಮೇಲೆ ದೇಶದೊಳಗಿನ ಕಾನೂನುಗಳು ಬೇರೆ. ಅಮೆರಿಕದಲ್ಲಿ ವಿದೇಶಿಯರಿಗೆ 25%ಕ್ಕಿಂತ ಹೆಚ್ಚು ಮತಾಧಿಕಾರವಿಲ್ಲ. ಐರೋಪ್ಯ ಒಕ್ಕೂಟದ ಕಂಪನಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಒಕ್ಕೂಟದೊಳಗಿನವರಲ್ಲೇ ಇರಬೇಕು. ಆಸ್ಟ್ರೇಲಿಯಾ ಕ್ವಾಂಟಾಸ್‌ಗಾಗಿಯೇ 1992ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿ, ಎಲ್ಲ ವಿದೇಶಿಯರೂ ಸೇರಿ 49% ದಾಟಬಾರದೆಂದು ಬೇಲಿ ಹಾಕಿತು. ನಾವು ವಿದೇಶಿ ವಿಮಾನ ಕಂಪನಿಗಳಿಗೆ 49%ರವರೆಗೆ ಬಾಗಿಲು ತೆರೆದದ್ದು 2012ರಲ್ಲಿ.

ಆಮ್‌ಸ್ಟೆಲ್‌ವೇನ್ ಸೊಸೆ:
ಕರಡು ಕಾಯ್ದೆಯವರು ಹೇಳಿದ್ದನ್ನು ಕಣ್ಣಾರೆ ನೋಡಬೇಕಾದರೆ ನಮ್ಮೂರಿಗೆ ಬನ್ನಿ. ನೆದರ್‌ಲೆಂಡ್ಸಿನ ವಿಮಾನ ಕಂಪನಿ ಕೆಎಲ್‌ಎಂ ದಶಕಗಳ ಕಾಲ ಮುಖ್ಯ ಕಚೇರಿ ಇಟ್ಟುಕೊಂಡಿದ್ದ ಊರಿದು. 2004ರಲ್ಲಿ ಏರ್ ಫ್ರಾನ್ಸ್ ಮತ್ತು ಕೆಎಲ್‌ಎಂ ಒಂದಾದವು ಎಂದು ಪತ್ರಿಕೆಗಳು ಬರೆದವು. ಒಂದಾದದ್ದು ಮೇಲಿನ ಮಾತೃಸಂಸ್ಥೆ ಮಾತ್ರ. ಕೆಎಲ್‌ಎಂನ ಲಾಭದಲ್ಲಿ ಬಹುಪಾಲು ಆ ಸಂಸ್ಥೆಗೆ ಹೋದರೂ ಅದರ ಮತಾಧಿಕಾರವನ್ನು 49%ರಲ್ಲಿ ನಿಲ್ಲಿಸಿ, ಉಳಿದದ್ದನ್ನು ಡಚ್ ಪ್ರತಿಷ್ಠಾನಗಳಲ್ಲೂ ಡಚ್ ಸರ್ಕಾರದಲ್ಲೂ ಇರಿಸಲಾಗಿದೆ. ಕಾಗದದ ಮೇಲೆ ಕೆಎಲ್‌ಎಂ ಇಂದಿಗೂ ಡಚ್ ಕಂಪನಿ, ಹಾಗಿರುವುದರಿಂದಲೇ ಅದರ ಹಾರಾಟದ ಹಕ್ಕುಗಳು ಉಳಿದಿವೆ.

ಅಷ್ಟಾದರೂ ಎರಡು ಸರ್ಕಾರಗಳ ನಡುವಿನ ಅನುಮಾನ ಹೋಗಲಿಲ್ಲ. 2019ರ ಫೆಬ್ರುವರಿಯಲ್ಲಿ ಡಚ್ ಸರ್ಕಾರ ಸದ್ದಿಲ್ಲದೆ 744 ದಶಲಕ್ಷ ಯೂರೋ ಚೆಲ್ಲಿ ಮಾತೃಸಂಸ್ಥೆಯ 14% ಷೇರು ಕೊಂಡು, ಹೆಚ್ಚುಕಡಿಮೆ ಫ್ರೆಂಚ್ ಸರ್ಕಾರದ ಪಾಲಿಗೆ ಸಮನಾಗಿ ನಿಂತಿತು. ಪ್ಯಾರಿಸ್ಸಿನಿಂದ ಬಹಿರಂಗವಾಗಿಯೇ ಅಸಮಾಧಾನದ ಮಾತು ಬಂತು. ಮದುವೆಯಾಗಿ ಹದಿನೈದು ವರ್ಷವಾದ ಮೇಲೆ ತವರಿನವರು ಬಂದು ಮನೆಯ ಪತ್ರದಲ್ಲಿ ಹೆಸರು ಸೇರಿಸಿಕೊಂಡಂತೆ.

ನಮ್ಮ ಪಕ್ಕದ ಮನೆಯ ಅಜ್ಜಿಯ ಗಂಡ ಅಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರ ಷೋಕೇಸಿನಲ್ಲಿ ಬೆರಳುದ್ದದ ನೀಲಿ-ಬಿಳಿ ಪಿಂಗಾಣಿ ಮನೆಗಳು ಸಾಲಾಗಿವೆ. ಬಿಸಿನೆಸ್ ದರ್ಜೆಯ ಪ್ರಯಾಣಿಕರಿಗೆ ಕೆಎಲ್‌ಎಂ ಕೊಡುವ ಉಡುಗೊರೆ ಅವು. ಕಂಪನಿಯ ಹುಟ್ಟುಹಬ್ಬವಾದ ಅಕ್ಟೋಬರ್ 7ರಂದು ಪ್ರತಿವರ್ಷ ಹೊಸದೊಂದು ಬರುತ್ತದೆ. ವಿಲೀನವಾದ ಮೇಲೆ ಏನಾದರೂ ಬದಲಾಯಿತೇ ಎಂದು ನಾನೊಮ್ಮೆ ಕೇಳಿದಾಗ ಅಜ್ಜಿ ಷೋಕೇಸು ತೋರಿಸಿ, 2004ರ ನಂತರದ ಮನೆಗಳು ಯಾವುವೆಂದು ನೀನೇ ಹುಡುಕು ಎಂದರು. ನನಗೆ ಗೊತ್ತಾಗಲಿಲ್ಲ.

ಲೆಕ್ಕಿಗ:
ಇಷ್ಟೆಲ್ಲ ತೊಡಕಿದ್ದರೂ ಕಂಪನಿಗಳು ಮತ್ತೆ ಮತ್ತೆ ಒಂದಾಗಲು ಹೊರಡುವುದೇಕೆ ಎಂಬುದನ್ನು ಯಾರೂ ಹೇಳುತ್ತಿಲ್ಲ. ಬ್ರಿಟಿಷ್ ಏರ್‌ವೇಸ್ ಮತ್ತು ಸ್ಪೇನಿನ ಐಬೇರಿಯಾಗಳನ್ನು ನೋಡಿ. 2011ರ ಜನವರಿಯಲ್ಲಿ ಐಎಜಿ ಎಂಬ ಮಾತೃಸಂಸ್ಥೆಯ ಅಡಿಯಲ್ಲಿ ಎರಡೂ ಸೇರಿದವು, ಪಾಲು 55 ಮತ್ತು 45. ಲಂಡನ್ನಿನ ಹೀಥ್ರೊದಲ್ಲಿರುವುದು ಎರಡೇ ರನ್‌ವೇ, ಅಲ್ಲಿ ಹೊಸ ಸ್ಲಾಟ್, ಅಂದರೆ ವಿಮಾನ ಇಳಿಸಲು ಏರಿಸಲು ಗೊತ್ತುಮಾಡಿದ ಹೊತ್ತು, ಸಿಗುವುದೆಂದರೆ ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲಿ ಸಂಜೆ ಆರಕ್ಕೆ ಕಾರು ನಿಲ್ಲಿಸಲು ಜಾಗ ಸಿಕ್ಕಂತೆ. ಮ್ಯಾಡ್ರಿಡ್‌ನಲ್ಲಿ ನಾಲ್ಕು ರನ್‌ವೇಗಳಿವೆ. ಒಬ್ಬರಿಗೆ ಉತ್ತರ ಅಮೆರಿಕದ ಮಾರ್ಗಗಳಲ್ಲಿ ಹಿಡಿತ, ಇನ್ನೊಬ್ಬರಿಗೆ ದಕ್ಷಿಣ ಅಮೆರಿಕದಲ್ಲಿ. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುವ ಇಂಥ ಜೋಡಿ ಅಪರೂಪ.

ವಿಮಾನ ಕೊಳ್ಳುವಾಗ ಇಪ್ಪತ್ತಕ್ಕೆ ಚೌಕಾಸಿ ಮಾಡುವುದಕ್ಕೂ ಇನ್ನೂರಕ್ಕೆ ಮಾಡುವುದಕ್ಕೂ ಇರುವ ವ್ಯತ್ಯಾಸವನ್ನು ನಾನು ವಿವರಿಸಬೇಕಿಲ್ಲ. ಹೆಚ್ಚುವರಿ ಎಂಜಿನ್ನು, ಇಂಧನ ಖರೀದಿ, ವಿಮೆ, ಸಾಫ್ಟ್‌ವೇರು, ಎಲ್ಲದರಲ್ಲೂ ಅದೇ ಲೆಕ್ಕ. ಹೆಸರುಗಳನ್ನು ಒಂದು ಮಾಡದಿದ್ದರೂ ಈ ಲಾಭ ಸಿಗುತ್ತದೆ. ಆದ್ದರಿಂದ ಕಿಟಕಿ ಸೀಟಿನವರು ಕೇಳಿದ ಪೂರ್ತಿ ವಿಲೀನಕ್ಕಿಂತ, ಒಂದೇ ಸೂರಿನಡಿ ಎರಡು ಒಲೆ ಉರಿಸುವ ಈ ಏರ್ಪಾಡೇ ಜಾಣತನದ್ದು ಎಂದು ನನ್ನ ಅಭಿಪ್ರಾಯ.

ಬಜ್ಪೆ ಗುಡ್ಡೆ:
ಲೆಕ್ಕಿಗರೇ, ಚೌಕಾಸಿಯಲ್ಲಿ ಉಳಿದ ಹಣ ಯಾರ ಕಿಸೆಗೆ ಹೋಗುತ್ತದೆ ಎಂಬುದನ್ನು ನೀವು ಬರೆಯಲಿಲ್ಲ. ಮಂಗಳೂರಿನಿಂದ ಕೊಲ್ಲಿಗೆ ಮೂವತ್ತು ವರ್ಷಗಳಿಂದ ಓಡಾಡುತ್ತಿರುವ ನನ್ನ ಅನುಭವ ಇಷ್ಟೇ: ಒಂದು ಮಾರ್ಗದಲ್ಲಿ ಮೂವರು ಹಾರಿಸುವಾಗ ಇದ್ದ ದರ ಒಬ್ಬರೇ ಉಳಿದಾಗ ಇರುವುದಿಲ್ಲ, ಅದರಲ್ಲೂ ಈದ್ ಅಥವಾ ಶಾಲೆಯ ರಜೆ ಹತ್ತಿರ ಬಂದಾಗ.

ಕರಡು ಕಾಯ್ದೆ:
ಬಜ್ಪೆಯವರ ಅಂಜಿಕೆಯೇ ಸ್ಪರ್ಧಾ ಆಯೋಗಗಳ ಅಂಜಿಕೆಯೂ ಹೌದು. ಲೆಕ್ಕಿಗರು ಮೆಚ್ಚಿದ ಅದೇ ಐಎಜಿ, ಸ್ಪೇನಿನ ಏರ್ ಯೂರೋಪಾವನ್ನು 100 ಕೋಟಿ ಯೂರೋಗೆ ಕೊಳ್ಳುವುದಾಗಿ 2019ರಲ್ಲಿ ಒಪ್ಪಿತು, ಕೋವಿಡ್ ಬಂದ ಮೇಲೆ ಬೆಲೆಯನ್ನು ಅರ್ಧಕ್ಕೆ ಇಳಿಸಿತು, 2021ರ ಕೊನೆಯಲ್ಲಿ ಕೈಬಿಟ್ಟಿತು, 2023ರಲ್ಲಿ ಮತ್ತೆ ಹೊರಟಿತು, 2024ರ ಆಗಸ್ಟಿನಲ್ಲಿ ಐರೋಪ್ಯ ಆಯೋಗದ ಷರತ್ತುಗಳು ಹೊಂದುವುದಿಲ್ಲವೆಂದು ಮತ್ತೆ ಹಿಂದೆ ಸರಿಯಿತು. ಐಎಜಿಯ ಐಬೇರಿಯಾ, ಏರ್ ಯೂರೋಪಾ ಇಬ್ಬರೂ ಮ್ಯಾಡ್ರಿಡ್‌ನಿಂದಲೇ ಲ್ಯಾಟಿನ್ ಅಮೆರಿಕಕ್ಕೆ ಹಾರುವವರು, ಅವರು ಸೇರಿದರೆ ಪ್ರಯಾಣಿಕನಿಗೆ ಬೇರೆ ದಾರಿ ಕಡಿಮೆ.

ಕೊರಿಯನ್ ಏರ್ ಮತ್ತು ಏಷಿಯಾನಾ ಎರಡೂ ಒಂದೇ ದೇಶದವು, ಆದರೂ 2020ರ ನವೆಂಬರಿನಲ್ಲಿ ಘೋಷಿಸಿದ ಖರೀದಿ ಮುಗಿದದ್ದು 2024ರ ಡಿಸೆಂಬರಿನಲ್ಲಿ. ಅವು ಹಾರುವ ದೇಶಗಳ ನಿಯಂತ್ರಕರೆಲ್ಲ ಒಪ್ಪಬೇಕಾಗಿತ್ತು. ಐರೋಪ್ಯ ಆಯೋಗವಂತೂ ಏಷಿಯಾನಾದ ಸರಕು ಸಾಗಣೆಯ ವ್ಯವಹಾರವನ್ನೇ ಮಾರಿಸಿತು. ಪ್ಯಾರಿಸ್, ರೋಮ್, ಬಾರ್ಸಿಲೋನಾ, ಫ್ರಾಂಕ್‌ಫರ್ಟ್ ಮಾರ್ಗಗಳಲ್ಲಿ ಟಿವೇ ಎಂಬ ಸಣ್ಣ ಕಂಪನಿಗೆ ದಾರಿ ಬಿಡಿಸಿತು.

ತಿಂಡಿ ಟ್ರೇ:
ಹೆಣ್ಣು ನೋಡಲು ಹೋದವನಿಗೆ ಊರಿನವರೆಲ್ಲ ಒಪ್ಪಿಗೆ ಪತ್ರ ಕೊಡಬೇಕಾದ ಮದುವೆ ಇದು.

ಹ್ಯಾಂಗರ್ ನಂಬರ್ ಎರಡು:
ನೀವೆಲ್ಲರೂ ಷೇರು ಮತ್ತು ಒಪ್ಪಂದಗಳನ್ನೇ ಹಿಡಿದುಕೊಂಡಿದ್ದೀರಿ. ಮೂವತ್ತೆರಡು ವರ್ಷ ವಿಮಾನ ದುರಸ್ತಿಯಲ್ಲಿ ಕಳೆದ ನನಗೆ ಕಾಣುವುದು ಬೇರೆ. ವಿಮಾನಗಳನ್ನು ಸೇರಿಸುವುದು ಸುಲಭ, ಬಣ್ಣ ಬಳಿದರೆ ಆಯಿತು. ಮನುಷ್ಯರ ಜ್ಯೇಷ್ಠತೆಯ ಪಟ್ಟಿಗಳನ್ನು ಸೇರಿಸುವುದು ಕಷ್ಟ. ಪೈಲಟ್ಟಿನ ಇಡೀ ಬದುಕು ಆ ಪಟ್ಟಿಯ ಮೇಲೆ ನಿಂತಿದೆ: ಯಾವ ವಿಮಾನ, ಯಾವ ಮಾರ್ಗ, ಯಾವಾಗ ಕ್ಯಾಪ್ಟನ್, ದೀಪಾವಳಿಗೆ ರಜೆ ಸಿಗುತ್ತದೆಯೇ ಇಲ್ಲವೇ ಎಂಬುದೂ ಸಹ. ಎರಡು ಪಟ್ಟಿಗಳನ್ನು ಬೆಸೆಯುವಾಗ ಹತ್ತು ಸ್ಥಾನ ಕೆಳಗಿಳಿದವನು ಅದನ್ನು ಸಾಯುವ ತನಕ ಮರೆಯುವುದಿಲ್ಲ.

ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ 2007ರಲ್ಲಿ ಒಂದಾದವು. ಒಂದೇ ದೇಶ, ಒಂದೇ ಸರ್ಕಾರ, ಒಂದೇ ಸಚಿವಾಲಯ. ಒಬ್ಬರು 68 ಬೋಯಿಂಗ್ ವಿಮಾನಗಳಿಗೂ ಇನ್ನೊಬ್ಬರು 43 ಏರ್‌ಬಸ್ ವಿಮಾನಗಳಿಗೂ ಬೇಡಿಕೆ ಇಟ್ಟಿದ್ದರು. ಬೋಯಿಂಗ್ ಹಾರಿಸುವವನು ಮರುದಿನ ಬೆಳಿಗ್ಗೆ ಏರ್‌ಬಸ್ ಹಾರಿಸಲಾರ, ಅದನ್ನು ದುರಸ್ತಿ ಮಾಡುವ ನಮ್ಮ ಪರವಾನಗಿಯೂ ವಿಮಾನದ ಮಾದರಿಗೆ ಕಟ್ಟುಬಿದ್ದದ್ದು. ವೇತನ ಸಮಾನವಾಗಲೆಂದು 2011ರಲ್ಲಿ ಹಳೆಯ ಇಂಡಿಯನ್ ಏರ್‌ಲೈನ್ಸ್ ಪೈಲಟ್ಟುಗಳು ಮುಷ್ಕರ ಹೂಡಿದರು. ಬೋಯಿಂಗ್‌ನ ಹೊಸ ವಿಮಾನ ಡ್ರೀಮ್‌ಲೈನರ್‌ನ ತರಬೇತಿಯನ್ನು ಅವರಿಗೂ ಕೊಡುವುದೇ ಎಂದು 2012ರಲ್ಲಿ ಹಳೆಯ ಏರ್ ಇಂಡಿಯಾ ಪೈಲಟ್ಟುಗಳು 58 ದಿನ ಕೆಲಸ ನಿಲ್ಲಿಸಿದರು. ವಿಲೀನವಾಗಿ ಆಗ ಐದು ವರ್ಷ ಕಳೆದಿತ್ತು.

ಲೆಕ್ಕಿಗ:
ಅದು ಸರ್ಕಾರಿ ಆಡಳಿತದ ಜಡತನ, ವಿಲೀನದ ದೋಷವಲ್ಲ. ಖಾಸಗಿಯವರು ಮಾಡಿದ್ದರೆ ಆರು ತಿಂಗಳಲ್ಲಿ ಮುಗಿಯುತ್ತಿತ್ತು.

ಹ್ಯಾಂಗರ್ ನಂಬರ್ ಎರಡು:
ಆರು ತಿಂಗಳೇ? ಯುನೈಟೆಡ್ ಮತ್ತು ಕಾಂಟಿನೆಂಟಲ್ 2010ರಲ್ಲಿ ಸೇರಿದವು, ಎರಡೂ ಖಾಸಗಿ, ಎರಡೂ ಅಮೆರಿಕದವು. ಎರಡು ಕಡೆಯ ಗಗನಸಖಿಯರು ಒಂದೇ ವಿಮಾನದಲ್ಲಿ ಒಟ್ಟಾಗಿ ಕೆಲಸ ಮಾಡಲು ತೊಡಗಿದ್ದು 2018ರಲ್ಲಿ. ಯುಎಸ್ ಏರ್‌ವೇಸ್ ಮತ್ತು ಅಮೆರಿಕ ವೆಸ್ಟ್ 2005ರಲ್ಲಿ ಸೇರಿದ ಮೇಲೆ ಪೈಲಟ್ಟುಗಳು ವರ್ಷಗಟ್ಟಲೆ ಪೂರ್ವದವರು, ಪಶ್ಚಿಮದವರು ಎಂದು ಎರಡು ಪಂಗಡವಾಗಿ ನ್ಯಾಯಾಲಯ ಸುತ್ತಿದರು. ಇದರ ಮೇಲೆ ಎರಡು ದೇಶಗಳ ಕಾರ್ಮಿಕ ಕಾನೂನು, ಎರಡು ಪಿಂಚಣಿ ವ್ಯವಸ್ಥೆ, ಎರಡು ಭಾಷೆ ಸೇರಿಸಿ ಲೆಕ್ಕ ಹಾಕಿ. ನೀವು ಹೊಗಳಿದ ಬ್ರಿಟಿಷ್ ಏರ್‌ವೇಸ್ ಮದುವೆಯಲ್ಲೇ, ಅವರ ಪಿಂಚಣಿ ನಿಧಿಯ ಕೊರತೆ ಕಂಡು ಹೆದರಿದ ಐಬೇರಿಯಾ, ಬೇಡವೆನಿಸಿದರೆ ಎದ್ದು ಹೋಗುವ ಹಕ್ಕನ್ನು ಒಪ್ಪಂದದಲ್ಲಿ ಬರೆಸಿಕೊಂಡಿತ್ತು.

ಹಳೇ ಬೋರ್ಡಿಂಗ್ ಪಾಸ್:
ನಮ್ಮ ಬೆಂಗಳೂರಿನದೇ ಕಥೆಯನ್ನು ಯಾರೂ ಎತ್ತಲಿಲ್ಲ! ಏರ್ ಡೆಕ್ಕನ್ನನ್ನು ಕಿಂಗ್‌ಫಿಷರ್ ನುಂಗಿದ ವಿಷಯ ಇಲ್ಲಿಗೆ ಬರಬೇಡವೇ?

ಕರಡು ಕಾಯ್ದೆ:
ಅದು ದೇಶದೊಳಗಿನ ವಿಲೀನ, ಈ ಚರ್ಚೆಯ ವಿಷಯ ಬೇರೆ.

ಹಳೇ ಬೋರ್ಡಿಂಗ್ ಪಾಸ್:
ಕ್ಷಮಿಸಿ, ಕಾಯ್ದೆಯವರೇ, ಅದರ ಹಿಂದಿನ ಆಸೆ ಅಂತರರಾಷ್ಟ್ರೀಯವೇ ಆಗಿತ್ತು. ದೇಶದೊಳಗೆ ಐದು ವರ್ಷ ಹಾರಾಟ ನಡೆಸಿ 20 ವಿಮಾನ ಇಟ್ಟುಕೊಂಡವರಿಗೆ ಮಾತ್ರ ವಿದೇಶಕ್ಕೆ ಹಾರಲು ಆಗ ಅನುಮತಿ ಇತ್ತು. ಕಿಂಗ್‌ಫಿಷರ್ ಶುರುವಾದದ್ದು 2005ರಲ್ಲಿ, ಡೆಕ್ಕನ್ 2003ರಲ್ಲಿ. ಡೆಕ್ಕನ್ನಿನ ಐದು ವರ್ಷ ತುಂಬಿದ ಬೆನ್ನಿಗೇ, 2008ರ ಸೆಪ್ಟೆಂಬರಿನಲ್ಲಿ, ಕಿಂಗ್‌ಫಿಷರ್‌ನ ಮೊದಲ ವಿದೇಶಿ ವಿಮಾನ ಬೆಂಗಳೂರಿನಿಂದ ಲಂಡನ್ನಿಗೆ ಎದ್ದಿತು. ವಿಲೀನವೆಂದರೆ ಕೆಲವೊಮ್ಮೆ ಇನ್ನೊಬ್ಬರ ವಯಸ್ಸನ್ನು ಕೊಳ್ಳುವುದು. ಕಡಿಮೆ ದರದ ಕಂಪನಿಯನ್ನು ಐಷಾರಾಮಿ ಕಂಪನಿಗೆ ಬೆಸೆದದ್ದು ಎಲ್ಲಿಗೆ ತಲುಪಿತೆಂಬುದು ಎಲ್ಲರಿಗೂ ಗೊತ್ತು, 2012ರ ಅಕ್ಟೋಬರಿನಲ್ಲಿ ಹಾರಾಟವೇ ನಿಂತಿತು.

ಕರಡು ಕಾಯ್ದೆ:
ಒಪ್ಪಿದೆ. ನನ್ನ ಆಕ್ಷೇಪಣೆಯನ್ನು ಹಿಂದಕ್ಕೆ ಪಡೆಯುತ್ತೇನೆ.

ಕೌಂಟರ್ ಹದಿನಾಲ್ಕು:
ಎರಡು ಕಂಪನಿಗಳ ಕಂಪ್ಯೂಟರುಗಳು ಒಂದಾದ ರಾತ್ರಿ ನಾನು ವಿದೇಶದ ಒಂದು ನಿಲ್ದಾಣದಲ್ಲಿ ಚೆಕ್-ಇನ್ ಕೆಲಸದಲ್ಲಿದ್ದೆ. ಕಂಪನಿಯ ಹೆಸರು ಬೇಡ. ಮಧ್ಯರಾತ್ರಿ ಹಳೆಯ ವ್ಯವಸ್ಥೆ ನಿಲ್ಲಿಸಿ ಹೊಸದನ್ನು ತೆರೆದಾಗ ಪ್ರಯಾಣಿಕರ ಹೆಸರುಗಳು ಬಂದಿದ್ದವು, ಆದರೆ ಅವರು ಮೊದಲೇ ಹೇಳಿಟ್ಟಿದ್ದ ವಿಶೇಷ ಕೋರಿಕೆಗಳು ಎಷ್ಟೋ ಬಂದಿರಲಿಲ್ಲ. ಗಾಲಿಕುರ್ಚಿ ಕೇಳಿದ್ದ ವೃದ್ಧರೊಬ್ಬರು ಕೈಯಲ್ಲಿ ಮುದ್ರಿತ ಕಾಗದ ಹಿಡಿದು ನಿಂತಿದ್ದರು, ನನ್ನ ಪರದೆಯಲ್ಲಿ ಅವರು ಓಡಾಡಬಲ್ಲ ಸಾಮಾನ್ಯ ಪ್ರಯಾಣಿಕರು. ಲಗೇಜ್ ಚೀಟಿಯ ಮುದ್ರಣಯಂತ್ರ ಹೊಸ ಸಂಕೇತವನ್ನು ಒಪ್ಪದೆ ಖಾಲಿ ಚೀಟಿಗಳನ್ನು ಉಗುಳುತ್ತಿತ್ತು. ಬೆಳಗಿನ ಜಾವದವರೆಗೆ ಸೀಟಿನ ಸಂಖ್ಯೆಗಳನ್ನು ಪೆನ್ನಿನಲ್ಲಿ ಬರೆದು, ಬರೆದದ್ದನ್ನು ಹಾಳೆಯಲ್ಲಿ ಹೊಡೆದುಹಾಕುತ್ತಾ ವಿಮಾನ ತುಂಬಿಸಿದೆವು. ಪಕ್ಕದ ಕೌಂಟರಿನಲ್ಲಿದ್ದವಳು ಇನ್ನೊಂದು ಕಂಪನಿಯಿಂದ ಬಂದವಳು. ನಮ್ಮಿಬ್ಬರಿಗೂ ಒಂದೇ ಸಮವಸ್ತ್ರ, ಆದರೆ ಒಂದೇ ಕೀಲಿ ಒತ್ತಿದರೆ ಆಗುವ ಕೆಲಸವನ್ನು ಅವಳು ಒಂದು ಹೆಸರಿನಿಂದ ಕರೆಯುತ್ತಿದ್ದಳು, ನಾನು ಇನ್ನೊಂದರಿಂದ.

ಬಜ್ಪೆ ಗುಡ್ಡೆ:
ದೇಶಗಳು ಕೂಡಿ ನಡೆಸಿದ ಕಂಪನಿಯೊಂದನ್ನು ನಮ್ಮ ತಲೆಮಾರು ನೋಡಿದೆ. ಗಲ್ಫ್ ಏರ್‌ಗೆ ಬಹರೇನ್, ಕತಾರ್, ಅಬುಧಾಬಿ, ಒಮಾನ್ ನಾಲ್ವರೂ ಒಡೆಯರು. ಆಮೇಲೆ ಒಬ್ಬೊಬ್ಬರಿಗೂ ಸ್ವಂತ ವಿಮಾನದ ಮೇಲೆ ಮನಸ್ಸಾಯಿತು. ಕತಾರ್ 2002ರಲ್ಲಿ, ಅಬುಧಾಬಿ 2005ರಲ್ಲಿ, ಒಮಾನ್ 2007ರಲ್ಲಿ ಹೊರನಡೆದವು, ಬಹರೇನ್ ಒಂದೇ ಉಳಿಯಿತು. ಅಬುಧಾಬಿಯ ಎತಿಹಾದ್ ಮತ್ತು ಕತಾರ್ ಏರ್‌ವೇಸ್ ಇಂದು ಎಲ್ಲಿವೆ, ಗಲ್ಫ್ ಏರ್ ಎಲ್ಲಿದೆ ನೋಡಿ. ಪಾಲು ಹಿಸ್ಸೆಯಾದ ಮೇಲೆ ತಮ್ಮಂದಿರು ಅಣ್ಣನಿಗಿಂತ ದೊಡ್ಡ ಮನೆ ಕಟ್ಟಿಕೊಂಡಂತೆ.

ಆಮ್‌ಸ್ಟೆಲ್‌ವೇನ್ ಸೊಸೆ:
ಇದಕ್ಕೆ ಎದುರು ಉದಾಹರಣೆಯೂ ಇದೆ. ಸ್ವೀಡನ್, ನಾರ್ವೆ, ಡೆನ್ಮಾರ್ಕ್ ಸೇರಿ 1946ರಲ್ಲಿ ಕಟ್ಟಿದ ಎಸ್‌ಎಎಸ್ ಇನ್ನೂ ಹಾರುತ್ತಿದೆ. ಪಾಲು ಏಳರಲ್ಲಿ ಮೂರು, ಎರಡು, ಎರಡು ಎಂದು ಹಂಚಿತ್ತು. ದಿವಾಳಿತನದ ರಕ್ಷಣೆ ಪಡೆದು ಹೊರಬಂದ ಮೇಲೆ, 2024ರಲ್ಲಿ, ಏರ್ ಫ್ರಾನ್ಸ್-ಕೆಎಲ್‌ಎಂ ಅದರಲ್ಲಿ 19.9% ಪಾಲು ಹಿಡಿಯಿತು.

ಲೆಕ್ಕಿಗ:
ಬಜ್ಪೆಯವರಿಗೆ ಇಷ್ಟವಾಗುವ ಒಂದು ಮಾತನ್ನು ನಾನೇ ಹೇಳಿಬಿಡುತ್ತೇನೆ. ಪೂರ್ತಿ ಕೊಳ್ಳಲಾಗದೆ ಅರ್ಧಂಬರ್ಧ ಪಾಲು ಕೊಳ್ಳುವ ತಂತ್ರ ದೊಡ್ಡ ದೊಡ್ಡವರನ್ನು ಮುಳುಗಿಸಿದೆ. ಸ್ವಿಟ್ಜರ್ಲೆಂಡ್ ಜನತೆ 1992ರ ಜನಮತದಲ್ಲಿ ಐರೋಪ್ಯ ಆರ್ಥಿಕ ವಲಯ ಬೇಡವೆಂದದ್ದರಿಂದ, ಒಕ್ಕೂಟದೊಳಗಿನ ಕಂಪನಿಗಳಲ್ಲಿ ಬಹುಮತದ ಪಾಲು ಸ್ವಿಸ್‌ಏರ್‌ಗೆ ದಕ್ಕುವಂತಿರಲಿಲ್ಲ. ಹಾಗಾಗಿ ಬೆಲ್ಜಿಯಂನ ಸಬೇನಾದಲ್ಲಿ 49.5% ಹಿಡಿಯಿತು, ಫ್ರಾನ್ಸ್, ಜರ್ಮನಿ, ಪೋಲೆಂಡ್ ಎಂದು ಇನ್ನಷ್ಟು ಕಡೆ ಕೈಹಾಕಿತು. ನಷ್ಟವನ್ನು ಹೊರಬೇಕು, ನಡೆಸುವ ಅಧಿಕಾರ ಪೂರ್ತಿಯಿಲ್ಲ. 2001ರ ಅಕ್ಟೋಬರ್ 2ರಂದು ಸ್ವಿಸ್‌ಏರ್‌ನ ವಿಮಾನಗಳು ನೆಲ ಬಿಟ್ಟು ಏಳಲಿಲ್ಲ, ಮರುತಿಂಗಳು ಸಬೇನಾ ದಿವಾಳಿಯಾಯಿತು.

ಎತಿಹಾದ್ ಅದೇ ದಾರಿಯಲ್ಲಿ ನಡೆಯಿತು: ಏರ್ ಬರ್ಲಿನ್‌ನಲ್ಲಿ 29%, ಅಲಿಟಾಲಿಯಾದಲ್ಲಿ 49%, ನಮ್ಮ ಜೆಟ್ ಏರ್‌ವೇಸ್‌ನಲ್ಲಿ 24%. ಮೊದಲಿನ ಎರಡು 2017ರಲ್ಲಿ ಬಿದ್ದವು, ಜೆಟ್ 2019ರ ಏಪ್ರಿಲಿನಲ್ಲಿ ನಿಂತಿತು. ಆದರೂ ನನ್ನ ಮೂಲ ಮಾತನ್ನು ಬಿಟ್ಟುಕೊಡುವುದಿಲ್ಲ. ಸ್ವಿಸ್‌ಏರ್ ಬಿದ್ದ ಜಾಗದಲ್ಲಿ ಎದ್ದ ಸ್ವಿಸ್ ಕಂಪನಿಯನ್ನು ಲುಫ್ತಾನ್ಸಾ 2005ರಲ್ಲಿ ಕೈಗೆತ್ತಿಕೊಂಡಿತು, ಹಾರಾಟದ ಹಕ್ಕುಗಳ ಮಾತುಕತೆ ಮುಗಿಯುವ ತನಕ ಎರಡು ವರ್ಷ ಕಾದು 2007ರಲ್ಲಿ ಪೂರ್ತಿಯಾಗಿ ತನ್ನದಾಗಿಸಿಕೊಂಡಿತು, ಹೆಸರನ್ನೂ ಬಾಲದ ಮೇಲಿನ ಬಿಳಿ ಶಿಲುಬೆಯನ್ನೂ ಮುಟ್ಟಲಿಲ್ಲ. ತಾಳ್ಮೆಯಿಂದ ಮಾಡಿದ್ದು ಬದುಕಿತು.

ಹ್ಯಾಂಗರ್ ನಂಬರ್ ಎರಡು:
ಅಂದರೆ ಒಂದು ಮಾಡದೇ ಇದ್ದದ್ದು ಬದುಕಿತು ಎನ್ನಿ.

ಲೆಕ್ಕಿಗ:
ಮಾತಿಗೆ ಸಿಕ್ಕಿಬಿದ್ದೆ. ಆದರೆ ಚಿಲಿಯ ಲ್ಯಾನ್ ಮತ್ತು ಬ್ರೆಜಿಲ್‌ನ ಟ್ಯಾಮ್ 2012ರಲ್ಲಿ ಸೇರಿ, ಮುಂದೆ ಹೆಸರನ್ನೂ ಲ್ಯಾಟಾಮ್ ಎಂದು ಒಂದು ಮಾಡಿಕೊಂಡವಲ್ಲ, ಅದಕ್ಕೇನನ್ನುತ್ತೀರಿ?

ಕರಡು ಕಾಯ್ದೆ:
ಅದನ್ನೂ ಪೂರ್ತಿ ಹೇಳಿ, ಲೆಕ್ಕಿಗರೇ. ಬ್ರೆಜಿಲ್‌ನಲ್ಲಿ ವಿದೇಶಿಯರ ಮತಾಧಿಕಾರಕ್ಕೆ ಆಗ 20%ರ ಮಿತಿ ಇದ್ದುದರಿಂದ ಟ್ಯಾಮ್‌ನ ಮತಗಳಲ್ಲಿ ಬಹುಪಾಲನ್ನು ಹಳೆಯ ಒಡೆಯರ ಕುಟುಂಬದ ಬಳಿಯೇ ಬಿಡಬೇಕಾಯಿತು. ವಿಮಾನ ಕಂಪನಿಗಳ ಕೂಟಗಳಲ್ಲಿ ಒಬ್ಬರು ಒನ್‌ವರ್ಲ್ಡ್‌ನಲ್ಲಿ, ಇನ್ನೊಬ್ಬರು ಸ್ಟಾರ್ ಅಲಯನ್ಸ್‌ನಲ್ಲಿ ಇದ್ದರು; ಎರಡು ದೋಣಿಯಲ್ಲಿ ಕಾಲಿಡುವಂತಿಲ್ಲ ಎಂದು ಚಿಲಿಯ ಸ್ಪರ್ಧಾ ನ್ಯಾಯಮಂಡಳಿ ಷರತ್ತು ಹಾಕಿತು. ಲ್ಯಾಟಾಮ್ 2020ರ ಮೇನಲ್ಲಿ ದಿವಾಳಿ ರಕ್ಷಣೆ ಬೇಡಿ 2022ರ ನವೆಂಬರಿನಲ್ಲಿ ಹೊರಬಂದಿತು. ಕೋವಿಡ್ ಎಲ್ಲರನ್ನೂ ಹೊಡೆಯಿತು, ಅದನ್ನು ವಿಲೀನದ ತಲೆಗೆ ಕಟ್ಟುವುದು ನ್ಯಾಯವಲ್ಲ ಎಂಬುದನ್ನು ಒಪ್ಪುತ್ತೇನೆ. ಗಡಿ ದಾಟಿದ ವಿಲೀನಗಳಲ್ಲಿ ಹೆಸರು ಸಹಿತ ಒಂದಾದದ್ದು ಬಹಳ ಕಡಿಮೆ, ಅವುಗಳಲ್ಲಿ ಅದು ದೊಡ್ಡದು.

ಕಿಟಕಿ ಸೀಟು:
ಇಷ್ಟು ವಿವರ ಸಿಗುತ್ತದೆಂದು ನಾನು ಎಣಿಸಿರಲಿಲ್ಲ. ಹಾಗಿದ್ದರೆ ವಿಸ್ತಾರಾ ಏರ್ ಇಂಡಿಯಾದಲ್ಲಿ ಕರಗಿದ್ದು ಯಾವ ಬಗೆಯದು? ಅದರಲ್ಲಿ ಸಿಂಗಪುರದವರ ಪಾಲಿತ್ತಲ್ಲವೇ?

ಕರಡು ಕಾಯ್ದೆ:
ವಿಸ್ತಾರಾದಲ್ಲಿ ಟಾಟಾ 51%, ಸಿಂಗಪುರ್ ಏರ್‌ಲೈನ್ಸ್ 49%. 2024ರ ನವೆಂಬರ್ 12ರಂದು ಅದು ಏರ್ ಇಂಡಿಯಾಕ್ಕೆ ಸೇರಿದಾಗ ಸಿಂಗಪುರದವರಿಗೆ ದೊಡ್ಡ ಕಂಪನಿಯಲ್ಲಿ 25.1% ಸಿಕ್ಕಿತು. ಮುಕ್ಕಾಲು ಪಾಲು ಟಾಟಾ ಕೈಯಲ್ಲಿರುವುದರಿಂದ ಕಂಪನಿ ಭಾರತದ್ದು, ಹಕ್ಕುಗಳೂ ಭಾರತದ್ದು. ಸಿಂಗಪುರದಂಥ ಪುಟ್ಟ ದೇಶಕ್ಕೆ ಒಳನಾಡಿನ ಮಾರುಕಟ್ಟೆ ಎಂಬುದೇ ಇಲ್ಲ. ಅವರು ಕೊಂಡದ್ದು ಭಾರತವೆಂಬ ಆ ಮಾರುಕಟ್ಟೆಯಲ್ಲಿ ಒಂದು ಪಾಲು, ಸಿಂಗಪುರ್ ಏರ್‌ಲೈನ್ಸನ್ನೂ ಏರ್ ಇಂಡಿಯಾವನ್ನೂ ಒಂದು ಮಾಡುವ ಮಾತು ಅಲ್ಲಿ ಬರಲೇ ಇಲ್ಲ.

ಹ್ಯಾಂಗರ್ ನಂಬರ್ ಎರಡು:
ಅಲ್ಲಿಯೂ ಪೈಲಟ್ಟುಗಳ ಸಮಸ್ಯೆ ಮೊದಲೇ ತಲೆಯೆತ್ತಿತು. ಹೊಸ ವೇತನ ಒಪ್ಪಂದದಲ್ಲಿ, ಹಾರಿದರೂ ಹಾರದಿದ್ದರೂ ತಿಂಗಳಿಗೆ ಸಂಬಳ ಸಿಗುವ ಖಾತ್ರಿ ಗಂಟೆಗಳು 70ರಿಂದ 40ಕ್ಕೆ ಇಳಿದವೆಂಬ ಅಸಮಾಧಾನದಲ್ಲಿ 2024ರ ಏಪ್ರಿಲ್ ಮೊದಲ ವಾರ ವಿಸ್ತಾರಾದ ಎಷ್ಟೋ ವಿಮಾನಗಳು ರದ್ದಾದವು. ನಾನು ಹೇಳಿದ್ದು ಅದನ್ನೇ.

ಆಮ್‌ಸ್ಟೆಲ್‌ವೇನ್ ಸೊಸೆ:
ಪ್ರಯಾಣಿಕರಿಗೆ ಲಾಭವೇ ಇಲ್ಲ ಎಂಬಂತೆ ಚರ್ಚೆ ಮುಗಿಯಬಾರದು. ನಮ್ಮ ಅತ್ತೆಯವರು ಕಳೆದ ವರ್ಷ ಬೆಂಗಳೂರಿನಿಂದ ಪ್ಯಾರಿಸ್ ಮೂಲಕ ಬಂದು, ಹಿಂದಿರುಗುವಾಗ ಆಮ್‌ಸ್ಟರ್‌ಡ್ಯಾಮ್‌ನಿಂದ ನೇರವಾಗಿ ಹೋದರು. ಎರಡು ಕಂಪನಿ, ಒಂದೇ ಟಿಕೆಟ್. ಮೊದಲಾಗಿದ್ದರೆ ಬರುವುದಕ್ಕೂ ಹೋಗುವುದಕ್ಕೂ ಬೇರೆ ಬೇರೆ ಟಿಕೆಟ್ ತೆಗೆದು ದುಪ್ಪಟ್ಟು ತೆರಬೇಕಾಗುತ್ತಿತ್ತು.

ಕೌಂಟರ್ ಹದಿನಾಲ್ಕು:
ಕಿಟಕಿ ಸೀಟಿನವರೇ, ನಿಮ್ಮ ಉಪ್ಪಿನಕಾಯಿಗೆ ಯಾರೂ ಉತ್ತರ ಕೊಡಲಿಲ್ಲ. ಯಾವ ಕಂಪನಿಗೂ ಫೋನ್ ಮಾಡಬೇಡಿ. ಇ-ಟಿಕೆಟಿನಲ್ಲಿ ಪ್ರತಿ ವಿಮಾನದ ಎದುರು ಲಗೇಜಿನ ಮಿತಿ ಮುದ್ರಿತವಾಗಿರುತ್ತದೆ, ‘1 ಪಿಸಿ’ ಎಂದರೆ ಒಂದು ಪೆಟ್ಟಿಗೆ, ‘2 ಪಿಸಿ’ ಎಂದರೆ ಎರಡು. ಆ ಹಾಳೆಯನ್ನು ಮುದ್ರಿಸಿ ಕೈಯಲ್ಲಿಟ್ಟುಕೊಳ್ಳಿ. ಡಬ್ಬಿಯನ್ನು ಕ್ಯಾಬಿನ್ ಚೀಲದಲ್ಲಿ ಇಡಬೇಡಿ, ಎಣ್ಣೆ ಇರುವುದರಿಂದ ಭದ್ರತಾ ತಪಾಸಣೆಯಲ್ಲಿ ತೆಗೆದಿಡುತ್ತಾರೆ.

ಕಿಟಕಿ ಸೀಟು:
ನೋಡಿದೆ. 1 ಪಿಸಿ, 23 ಕಿಲೋ ಎಂದಿದೆ. ಹೆಂಡತಿ ಈಗಾಗಲೇ 26 ತುಂಬಿಸಿದ್ದಾಳೆ, ಮಾವಿನ ಮಿಡಿಯನ್ನು ಮುಟ್ಟುವಂತಿಲ್ಲವಂತೆ, ನನ್ನ ಎರಡು ಸ್ವೆಟರು ಹೊರಗೆ ಬಂದಿವೆ.